ಬದುಕಿರುವ ಮಹಿಳೆಯ ಕೊಲೆಗೆ ಜೈಲುವಾಸ: ಊಹೆಯೊಂದು ಆರೋಪಪಟ್ಟಿಯಾಗುವ ಬಗೆ

2025ರ ಏಪ್ರಿಲ್ ಮೊದಲ ವಾರ ಮೈಸೂರಿನ ಸೆಷನ್ಸ್ ನ್ಯಾಯಾಲಯದ ಮುಂದೆ ಪೊಲೀಸರು ಒಬ್ಬ ಮಹಿಳೆಯನ್ನು ಹಾಜರುಪಡಿಸಿದರು. ಅದೇ ನ್ಯಾಯಾಲಯದಲ್ಲಿ ಅದೇ ಮಹಿಳೆಯ ಕೊಲೆ ಪ್ರಕರಣದ ವಿಚಾರಣೆ ನಡೆಯುತ್ತಿತ್ತು. ಆರೋಪಿಯ ಸ್ಥಾನದಲ್ಲಿದ್ದವರು ಅವರ ಪತಿ. ಕೊಡಗಿನ ಆದಿವಾಸಿ ಸಮುದಾಯಕ್ಕೆ ಸೇರಿದ ಕೂಲಿ ಕಾರ್ಮಿಕರು. ಪತ್ನಿ ಕಾಣೆಯಾಗಿದ್ದಾರೆ, ಹುಡುಕಿಕೊಡಿ ಎಂದು ಮೊದಲು ಠಾಣೆಗೆ ಹೋಗಿ ದೂರು ಕೊಟ್ಟವರೂ ಅವರೇ. ಪಕ್ಕದ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಮಹಿಳೆಯೊಬ್ಬರ ಅಸ್ಥಿಪಂಜರ ಸಿಕ್ಕಿತ್ತು. ಅದು ಕಾಣೆಯಾದ ಪತ್ನಿಯದೇ ಎಂದು ಪೊಲೀಸರು ತೀರ್ಮಾನಿಸಿದರು, ಕೊಂದವರು ಪತಿಯೇ ಎಂದು ಆರೋಪಪಟ್ಟಿ ಸಲ್ಲಿಸಿದರು. ದೂರು ಕೊಡಲು ಹೋದವರು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದರು. ಕೊನೆಗೆ ಸತ್ಯವನ್ನು ಹೊರಗೆಳೆದದ್ದು ತನಿಖೆಯಲ್ಲ. ಏಪ್ರಿಲ್ 1ರಂದು ಪರಿಚಿತರು ಮಡಿಕೇರಿಯ ಹೋಟೆಲೊಂದರಲ್ಲಿ ಆ ಮಹಿಳೆಯನ್ನು ಆಕಸ್ಮಿಕವಾಗಿ ಕಂಡರು, ಅಷ್ಟೇ.

ಅದೇ ತಿಂಗಳು ನ್ಯಾಯಾಲಯವು ಪತಿಯನ್ನು ಖುಲಾಸೆಗೊಳಿಸಿತು, 1 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಗೃಹ ಇಲಾಖೆಗೆ ಆದೇಶಿಸಿತು, ತನಿಖೆ ನಡೆಸಿದವರ ಮೇಲೆ ಕ್ರಮಕ್ಕೂ ಸೂಚಿಸಿತು. ಆ ಪರಿಹಾರ ಸಾಲದೆಂದು ಅವರು 5 ಕೋಟಿ ರೂಪಾಯಿ ಕೋರಿ ಹೈಕೋರ್ಟಿನ ಮೆಟ್ಟಿಲೇರಿದ್ದಾರೆ.

ಸುದ್ದಿ ಓದಿದವರಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಕಾಣಿಸಿತು. ಪೊಲೀಸರು ಬೇಕೆಂದೇ ಕಥೆ ಕಟ್ಟಿದ್ದಾರೆ ಎಂಬುದು ಒಂದು. ತಡವಾದರೂ ನ್ಯಾಯ ಸಿಕ್ಕಿತಲ್ಲ, ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂಬುದು ಇನ್ನೊಂದು. ಎರಡೂ ಈ ಘಟನೆಯನ್ನು ಅಪರೂಪದ ಅಪಘಾತವೆಂಬಂತೆ ನೋಡುತ್ತವೆ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಠಾಣೆ, ಪ್ರಯೋಗಾಲಯ, ಮ್ಯಾಜಿಸ್ಟ್ರೇಟ್, ಸರ್ಕಾರಿ ವಕೀಲರು, ಸೆಷನ್ಸ್ ನ್ಯಾಯಾಲಯ, ಪತ್ರಿಕೆಗಳು ಎಂದು ಇಷ್ಟು ಕೈಗಳನ್ನು ದಾಟುವಾಗ ಒಂದು ತಪ್ಪು ಊಹೆ ಎಲ್ಲಿಯೂ ತಡೆಯಿಲ್ಲದೆ ಮುಂದೆ ಸಾಗಿದ್ದು ಹೇಗೆ? ಆತುರದ ತೀರ್ಪು ಎಂದಾಗ ನಾವು ಒಬ್ಬ ವ್ಯಕ್ತಿಯ ಅಥವಾ ಒಂದು ಗುಂಪಿನ ದುಡುಕನ್ನು ಊಹಿಸಿಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಸರಪಳಿಯಂತೆ ಬೆಳೆಯುತ್ತದೆ: ಹಿಂದಿನವರು ಪರಿಶೀಲಿಸಿರುತ್ತಾರೆ ಎಂದು ಮುಂದಿನವರು ನಂಬುತ್ತಾರೆ, ಮುಂದಿನವರು ಪರಿಶೀಲಿಸುತ್ತಾರೆ ಎಂದು ಹಿಂದಿನವರು ನಂಬಿರುತ್ತಾರೆ.

ಎರಡು ಕಡತ, ಒಂದು ಉತ್ತರ

ಒಂದು ಠಾಣೆಯಲ್ಲಿ ಕಾಣೆಯಾದ ಮಹಿಳೆಯ ದೂರಿದೆ, ಆದರೆ ಮಹಿಳೆ ಇಲ್ಲ. ಇನ್ನೊಂದು ಠಾಣೆಯಲ್ಲಿ ಮಹಿಳೆಯ ಅಸ್ಥಿಪಂಜರವಿದೆ, ಆದರೆ ಹೆಸರಿಲ್ಲ. ಎರಡನ್ನೂ ಜೋಡಿಸಿದರೆ ಎರಡೂ ಪ್ರಶ್ನೆಗಳು ಒಮ್ಮೆಗೇ ಬಗೆಹರಿಯುತ್ತವೆ. ಇಂಥ ಜೋಡಣೆಗೆ ಇರುವ ಆಕರ್ಷಣೆಯನ್ನು ಕಡೆಗಣಿಸಬಾರದು. ತನಿಖಾಧಿಕಾರಿಯ ಮೇಜಿನ ಮೇಲೆ ಪತ್ತೆಯಾಗದ ಪ್ರಕರಣಗಳ ರಾಶಿ ಇರುತ್ತದೆ. ಮೇಲಧಿಕಾರಿಗಳು ಮಾಸಿಕ ಸಭೆಯಲ್ಲಿ ಬಾಕಿಯ ಲೆಕ್ಕ ಕೇಳುತ್ತಾರೆ. ಒಂದಕ್ಕೊಂದು ಹೊಂದುವಂತೆ ಕಾಣುವ ಎರಡು ಕಡತಗಳು ಸಿಕ್ಕಾಗ ‘ಇದು ನಿಜವೇ’ ಎಂಬ ಪ್ರಶ್ನೆ ಹಿಂದೆ ಸರಿದು, ‘ಇದನ್ನು ಸಾಬೀತುಪಡಿಸುವುದು ಹೇಗೆ’ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಅಲ್ಲಿಂದಾಚೆಗೆ ಸಿಗುವ ಪ್ರತಿಯೊಂದು ವಿವರವೂ ಆ ಉತ್ತರದ ಬಣ್ಣದಲ್ಲೇ ಕಾಣುತ್ತದೆ. ದಾಂಪತ್ಯದಲ್ಲಿ ಬಿರುಕಿತ್ತು ಎಂದರೆ ಅದು ಕೊಲೆಗೆ ಕಾರಣ. ಪತಿ ದೂರು ಕೊಟ್ಟಿದ್ದಾರೆ ಎಂದರೆ ಅದು ದಾರಿ ತಪ್ಪಿಸುವ ಉಪಾಯ. ದೂರು ಕೊಡದೆ ಇದ್ದಿದ್ದರೆ? ಅದೂ ಅವರ ವಿರುದ್ಧವೇ ನಿಲ್ಲುತ್ತಿತ್ತು.

ಈ ಪ್ರಕರಣದಲ್ಲಿ ಎಲುಬುಗಳನ್ನು ಡಿಎನ್‌ಎ ಪರೀಕ್ಷೆಗೆ ಕಳುಹಿಸಲಾಗಿತ್ತು. ಆದರೆ ಆ ವರದಿ ಬರುವ ಮೊದಲೇ ಆರೋಪಪಟ್ಟಿ ನ್ಯಾಯಾಲಯ ಸೇರಿತ್ತು. ಆಮೇಲೆ ಬಂದ ವರದಿ, ಎಲುಬುಗಳಿಗೂ ಆ ಕುಟುಂಬಕ್ಕೂ ಹೊಂದಾಣಿಕೆಯಿಲ್ಲ ಎಂದಿತು. ಆಗಲೂ ಪ್ರಕರಣ ನಿಲ್ಲಲಿಲ್ಲ. ಸಾಮಾನ್ಯ ಓದುಗರಿಗೆ ಅತ್ಯಂತ ಗೊಂದಲ ಹುಟ್ಟಿಸುವ ಭಾಗ ಇದೇ ಆದ್ದರಿಂದ ಇದರ ಹಿಂದಿನ ಕಾನೂನನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ.

ತೊಂಬತ್ತು ದಿನಗಳ ಗಡಿಯಾರ

ಕೊಲೆಯಂಥ ಗಂಭೀರ ಆರೋಪದಲ್ಲಿ ಬಂಧನವಾದ 90 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಪಡೆಯುವ ಹಕ್ಕು ತಾನಾಗಿ ದೊರೆಯುತ್ತದೆ. ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಈ ಅವಧಿ 60 ದಿನ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 167ನೇ ಕಲಂನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂನಲ್ಲಿ ಮುಂದುವರಿದಿದೆ. ತನಿಖೆಯ ಹೆಸರಿನಲ್ಲಿ ಯಾರನ್ನೂ ಕೊನೆಯಿಲ್ಲದೆ ಒಳಗಿಡಬಾರದು ಎಂಬುದು ಇದರ ಆಶಯ. ಆಶಯ ಒಳ್ಳೆಯದೇ. ಆದರೆ ಆಚರಣೆಯಲ್ಲಿ ಇದು ತನಿಖಾಧಿಕಾರಿಯ ಮುಂದೆ ಒಂದು ಗಡಿಯಾರವನ್ನು ಇಟ್ಟಂತಾಗುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಮಾದರಿಗಳು ತಮ್ಮ ಸರದಿಗಾಗಿ ತಿಂಗಳುಗಟ್ಟಲೆ ಕಾಯುತ್ತವೆ. ವರದಿಗಾಗಿ ಕಾದರೆ ಆರೋಪಿಗೆ ಜಾಮೀನು ಸಿಗುತ್ತದೆ. ಕೊಲೆ ಆರೋಪಿಯನ್ನು ಬಿಟ್ಟರು ಎಂಬ ಟೀಕೆ ಬರುತ್ತದೆ. ಹೀಗಾಗಿ, ವರದಿ ಬಂದ ಮೇಲೆ ಸಲ್ಲಿಸಲಾಗುವುದು ಎಂಬ ಒಂದು ಸಾಲಿನೊಂದಿಗೆ ಆರೋಪಪಟ್ಟಿ ಮುಂದೆ ಹೋಗುತ್ತದೆ. ಆರೋಪಿಯ ಸ್ವಾತಂತ್ರ್ಯವನ್ನು ಕಾಯಲು ಬಂದ ಗಡುವೇ, ಅರ್ಧ ತನಿಖೆಯನ್ನು ಪೂರ್ಣ ತನಿಖೆಯೆಂದು ಕರೆಯಲು ಕಾರಣವಾಗುತ್ತದೆ.

ಆರೋಪಪಟ್ಟಿ ಸಲ್ಲಿಕೆಯಾದ ಕೂಡಲೇ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. ಪೊಲೀಸರ ಪಾಲಿಗೆ ಅದು ಪತ್ತೆಯಾದ ಪ್ರಕರಣಗಳ ಪಟ್ಟಿಗೆ ಸೇರಿತು. ಆಮೇಲೆ ಬರುವ ಪ್ರಯೋಗಾಲಯದ ವರದಿ ಒಂದು ಲಕೋಟೆಯಾಗಿ ನ್ಯಾಯಾಲಯದ ಕಡತದೊಳಗೆ ಸೇರುತ್ತದೆ. ಅದನ್ನು ತೆರೆದು, ಓದಿ, ‘ಹಾಗಾದರೆ ನಮ್ಮ ಮೂಲ ತೀರ್ಮಾನವೇ ತಪ್ಪು’ ಎಂದು ಹೇಳುವ ಹೊಣೆ ಯಾರದು ಎಂಬುದು ಸ್ಪಷ್ಟವಿಲ್ಲ. ಹೆಚ್ಚಿನ ತನಿಖೆ ನಡೆಸಿ ಹೊಸ ವರದಿ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ತನ್ನದೇ ಆರೋಪಪಟ್ಟಿಯನ್ನು ತಾನೇ ಅಲ್ಲಗಳೆಯುವ ಅಧಿಕಾರಿ ವಿರಳ. ಸರ್ಕಾರಿ ವಕೀಲರು ತಮಗೆ ಬಂದ ಕಡತದ ಪರ ವಾದಿಸುತ್ತಾರೆ. ನ್ಯಾಯಾಲಯ ಪ್ರತಿ ಸಾಕ್ಷ್ಯವನ್ನೂ ಅದರ ಸರದಿ ಬಂದಾಗ ತೂಗುತ್ತದೆ. ಸರದಿ ಬರಲು ವರ್ಷಗಳು ಬೇಕು. ಈ ನಡುವೆ ಆರೋಪಿ ಬಡವರಾಗಿದ್ದರೆ, ಒಳ್ಳೆಯ ವಕೀಲರನ್ನು ಇಡಲಾಗದಿದ್ದರೆ, ಜಾಮೀನಿಗೆ ಶ್ಯೂರಿಟಿ ಕೊಡುವವರಿಲ್ಲದಿದ್ದರೆ, ಕಾಯುವ ಜಾಗ ಜೈಲು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಅಂಕಿಅಂಶದಂತೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಜನರ ಅಪರಾಧ ಇನ್ನೂ ತೀರ್ಮಾನವಾಗಿರಲಿಲ್ಲ.

‘ತಪ್ಪೊಪ್ಪಿಕೊಂಡಿದ್ದಾನೆ’

ಬಂಧನದ ಮರುದಿನದ ಪತ್ರಿಕೆಗಳಲ್ಲಿ ಕಾಣುವ ಅತ್ಯಂತ ಪರಿಚಿತ ವಾಕ್ಯ, ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸರು ತಿಳಿಸಿದ್ದಾರೆ.’ ಓದುಗರ ಮನಸ್ಸಿನಲ್ಲಿ ಪ್ರಕರಣ ಅಲ್ಲಿಗೆ ಮುಗಿಯುತ್ತದೆ. ಕಾನೂನಿನ ದೃಷ್ಟಿಯಲ್ಲಿ ಆ ವಾಕ್ಯಕ್ಕೆ ಬಹುತೇಕ ಬೆಲೆಯಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನೇ ಹೇಳುತ್ತದೆ. ಆ ಹೇಳಿಕೆಯ ಜಾಡು ಹಿಡಿದು ವಸ್ತುವೊಂದು ಪತ್ತೆಯಾದರೆ ಮಾತ್ರ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗಕ್ಕೆ ಮನ್ನಣೆಯಿದೆ. ಠಾಣೆಯ ಒಳಗೆ ಮಾತು ಹೇಗೆ ಹೊರಡುತ್ತದೆ ಎಂಬುದು ವಸಾಹತು ಕಾಲದ ಶಾಸನಕರ್ತರಿಗೂ ಗೊತ್ತಿತ್ತು. ನ್ಯಾಯಾಲಯದೊಳಕ್ಕೆ ಪ್ರವೇಶವಿಲ್ಲದ ಈ ಹೇಳಿಕೆಗೆ ಮನೆಮನೆಯ ಬಾಗಿಲು ಮಾತ್ರ ತೆರೆದೇ ಇದೆ.

ಅದರ ಪರಿಣಾಮ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಗುರುಗ್ರಾಮದ 2017ರ ಪ್ರಕರಣ ಸಾಕ್ಷಿ. ಸೆಪ್ಟೆಂಬರ್ 8ರಂದು ಅಲ್ಲಿನ ಖಾಸಗಿ ಶಾಲೆಯೊಂದರ ಶೌಚಾಲಯದ ಬಳಿ 7 ವರ್ಷದ ಬಾಲಕನ ಕೊಲೆಯಾಯಿತು. ಅದೇ ದಿನ ಶಾಲಾ ಬಸ್ಸಿನ ನಿರ್ವಾಹಕರನ್ನು ಬಂಧಿಸಲಾಯಿತು. ಟಿವಿ ಕ್ಯಾಮೆರಾಗಳ ಮುಂದೆ ಅವರ ಬಾಯಿಂದಲೇ ತಪ್ಪೊಪ್ಪಿಗೆ ಹೊರಬಂತು. ದೇಶವೇ ಕುದಿಯುತ್ತಿತ್ತು, ಅವರ ಪರ ವಾದಿಸುವುದಿಲ್ಲ ಎಂದು ಸ್ಥಳೀಯ ವಕೀಲರು ನಿರ್ಣಯಿಸಿದರು. ಆಮೇಲೆ ತನಿಖೆ ವಹಿಸಿಕೊಂಡ ಸಿಬಿಐ, ಕೊಲೆ ನಡೆದ ಎರಡು ತಿಂಗಳ ಬಳಿಕ ಅದೇ ಶಾಲೆಯ 11ನೇ ತರಗತಿಯ ವಿದ್ಯಾರ್ಥಿಯನ್ನು ವಶಕ್ಕೆ ಪಡೆಯಿತು. ನಿರ್ವಾಹಕರು ಮೊದಲು ಜಾಮೀನಿನ ಮೇಲೆ ಹೊರಬಂದು, 2018ರ ಫೆಬ್ರುವರಿಯಲ್ಲಿ ಆರೋಪಮುಕ್ತರಾದರು. ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಸಿಬಿಐ ಆಮೇಲೆ ನಾಲ್ವರು ಪೊಲೀಸರ ವಿರುದ್ಧವೇ ಆರೋಪಪಟ್ಟಿ ಸಲ್ಲಿಸಿತು. ಮಗುವನ್ನು ಕಳೆದುಕೊಂಡ ತಂದೆತಾಯಿ ಸಿಬಿಐ ತನಿಖೆಗೆ ಪಟ್ಟು ಹಿಡಿಯದೆ, ಮೊದಲ ದಿನದ ಉತ್ತರಕ್ಕೇ ತೃಪ್ತರಾಗಿದ್ದರೆ ಆ ಪ್ರಕರಣ ಅಂದೇ ಮುಗಿದುಹೋಗುತ್ತಿತ್ತು ಎಂಬುದನ್ನು ಗಮನಿಸಬೇಕು. ಸಂತ್ರಸ್ತರ ಹಿತ ಮತ್ತು ಆರೋಪಿಯ ಹಿತ ಒಂದಕ್ಕೊಂದು ವಿರುದ್ಧ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ವಕೀಲರ ನಿರ್ಣಯದ ವಿಷಯ ಕರ್ನಾಟಕಕ್ಕೂ ಹೊಸದಲ್ಲ. 2020ರ ಆರಂಭದಲ್ಲಿ ಮೈಸೂರು ಮತ್ತು ಹುಬ್ಬಳ್ಳಿಯ ವಕೀಲರ ಸಂಘಗಳು ದೇಶದ್ರೋಹದ ಆರೋಪ ಎದುರಿಸುತ್ತಿದ್ದವರ ಪರ ವಕಾಲತ್ತು ವಹಿಸುವುದಿಲ್ಲ ಎಂಬ ನಿಲುವು ತಳೆದಿದ್ದವು; ಕರ್ನಾಟಕ ಹೈಕೋರ್ಟ್ ಅದನ್ನು ಕಟುವಾಗಿ ಪ್ರಶ್ನಿಸಿತು. ಇಂಥ ನಿರ್ಣಯಗಳು ವಕೀಲಿ ವೃತ್ತಿಯ ನೀತಿಗೆ ವಿರುದ್ಧ, ಅವು ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಸರಪಳಿಯಲ್ಲಿ ತಪ್ಪನ್ನು ತಡೆಯಲು ಕಾನೂನೇ ಇಟ್ಟಿರುವ ಕೊಂಡಿ ಆರೋಪಿ ಪರ ವಕೀಲರು. ಆ ಕೊಂಡಿಯೇ ಕಳಚಿದರೆ ಉಳಿದ ಕೊಂಡಿಗಳೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತವೆ.

‘ಅವರು’ ‘ಈತ’ ಆಗುವ ಹೊತ್ತು

ಕನ್ನಡ ಸುದ್ದಿಭಾಷೆಯಲ್ಲಿ ಆತುರದ ತೀರ್ಪು ವ್ಯಾಕರಣದಲ್ಲೇ ನಡೆದುಹೋಗುತ್ತದೆ. ನಿನ್ನೆಯವರೆಗೆ ‘ಅವರು’ ಆಗಿದ್ದ ಶಿಕ್ಷಕರು, ಚಾಲಕರು, ಕೂಲಿಕಾರರು ಬಂಧನದ ಮರುಗಳಿಗೆಯೇ ‘ಈತ’ ಆಗುತ್ತಾರೆ. ಕ್ರಿಯಾಪದ ‘ಹೇಳಿದ್ದಾರೆ’ಯಿಂದ ‘ಹೇಳಿದ್ದಾನೆ’ಗೆ ಇಳಿಯುತ್ತದೆ. ‘ಶಂಕಿತ’, ‘ಆರೋಪಿ’, ‘ಅಪರಾಧಿ’ ಎಂಬ ಮೂರು ಪದಗಳ ನಡುವೆ ಇರಬೇಕಾದ ದೂರ ಶೀರ್ಷಿಕೆಯ ಇಕ್ಕಟ್ಟಿನಲ್ಲಿ ಮಾಯವಾಗಿ, ‘ಹಂತಕ’, ‘ಕೀಚಕ’, ‘ಪಾಪಿ ಪತಿ’ ಎಂಬ ಪದಗಳು ಬಂದು ಕೂರುತ್ತವೆ. ಇದು ಎಲ್ಲರಿಗೂ ಸಮಾನವಾಗಿ ಅನ್ವಯಿಸಿದ್ದರೆ ಭಾಷೆಯ ರೂಢಿ ಎಂದು ಸುಮ್ಮನಾಗಬಹುದಿತ್ತು. ಆದರೆ ಕೋಟ್ಯಂತರ ರೂಪಾಯಿಯ ಹಗರಣದಲ್ಲಿ ಬಂಧಿತರಾದ ರಾಜಕಾರಣಿ ಜೈಲಿನೊಳಗೂ ‘ಅವರು’ ಆಗಿಯೇ ಉಳಿಯುತ್ತಾರೆ. ಬಹುವಚನ ಕಳೆದುಕೊಳ್ಳುವವರು ಬಡವರು, ಊರಿಗೆ ಹೊಸಬರು, ಹೆಸರಿಲ್ಲದವರು. ಖುಲಾಸೆಯಾದ ದಿನ ಒಳಪುಟದ ಒಂದು ಕಾಲಂ ಸುದ್ದಿಯಲ್ಲಿ ಆ ‘ಅವರು’ ಹಿಂದಿರುಗುವುದೂ ಅಪರೂಪ.

ಪತ್ರಕರ್ತರ ಮೇಲಷ್ಟೇ ಇದರ ಹೊಣೆ ಹೊರಿಸುವುದು ಸರಿಯಲ್ಲ. ಅಪರಾಧ ವರದಿಗಾರರಿಗೆ ಸಿಗುವ ಏಕೈಕ ಮೂಲ ಬಹುಪಾಲು ಪೊಲೀಸರ ಪ್ರಕಟಣೆ. ಮುಖಕ್ಕೆ ಬಟ್ಟೆ ಹಾಕಿ ಆರೋಪಿಯನ್ನು ನಿಲ್ಲಿಸಿ, ಮುಂದೆ ಮೇಜಿನ ಮೇಲೆ ವಶಪಡಿಸಿಕೊಂಡ ವಸ್ತುಗಳನ್ನು ಜೋಡಿಸಿಟ್ಟ ಆ ಚಿತ್ರವನ್ನು ಸಿದ್ಧಪಡಿಸುವವರು ಪೊಲೀಸರೇ. ಪೊಲೀಸರು ಮಾಧ್ಯಮಗಳಿಗೆ ಮಾಹಿತಿ ನೀಡುವ ವಿಧಾನಕ್ಕೆ ಕೈಪಿಡಿ ರೂಪಿಸುವಂತೆ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ನಿರ್ದೇಶನ ನೀಡಿದ್ದು ಈ ಕಾರಣಕ್ಕೇ.

ಸರಪಳಿಯೇ ಇಲ್ಲದಾಗ

ಠಾಣೆ ಮತ್ತು ನ್ಯಾಯಾಲಯದ ದಾರಿಯಲ್ಲಿ ತಪ್ಪು ತಿದ್ದಿಕೊಳ್ಳಲು ಕೆಲವು ವರ್ಷಗಳಾದರೂ ಇರುತ್ತವೆ. ಗುಂಪಿನ ಕೈಯಲ್ಲಿ ಕೆಲವು ನಿಮಿಷಗಳೂ ಇರುವುದಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ‘ಮಕ್ಕಳ ಕಳ್ಳ’ ಎಂಬ ವದಂತಿಗೆ ಬಲಿಯಾದ. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯ ಬಳಿ ಹೈದರಾಬಾದಿನ ಟೆಕಿಯೊಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ಜೊತೆಗಿದ್ದವರು ಗಂಭೀರವಾಗಿ ಗಾಯಗೊಂಡರು. ಆ ಗೆಳೆಯರ ತಂಡ ಮಾಡಿದ್ದು ಇಷ್ಟೇ: ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ವಿದೇಶದಿಂದ ತಂದಿದ್ದ ಚಾಕೊಲೇಟ್ ಕೊಟ್ಟಿದ್ದು. ಅವರ ಕಾರು ಮುಂದಿನ ಊರು ತಲುಪುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ತಲುಪಿತ್ತು. ಅವರನ್ನು ಉಳಿಸಲು ಹೋದ ಪೊಲೀಸರೂ ಏಟು ತಿಂದರು. ನಾಲ್ಕು ದಿನಗಳ ಬಳಿಕ ಸುಪ್ರೀಂ ಕೋರ್ಟ್ ಗುಂಪುಹತ್ಯೆ ತಡೆಗೆ ವಿವರವಾದ ಮಾರ್ಗಸೂಚಿ ನೀಡಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗೆ ಮಾತ್ರ ದಾಟಿಸುವ ಮಿತಿ ತಂದಿತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಎಲ್ಲರ ಬಾಯಲ್ಲೂ ಇರುವ ನಾಡಿನಲ್ಲಿ, ಕಾಣದ್ದನ್ನು, ಕೇಳಿದ್ದನ್ನಷ್ಟೇ ನಂಬಿ ಜೀವ ತೆಗೆದದ್ದು ಹೀಗೆ.

‘ಹಾಗಾದರೆ ಬಂಧಿಸಲೇಬಾರದೇ?’

ಈ ವಾದಕ್ಕೆ ಇರುವ ಪ್ರತಿವಾದವನ್ನು ಹಗುರವಾಗಿ ಕಾಣುವಂತಿಲ್ಲ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ದೂರುಗಳನ್ನು ಶತಮಾನಗಳಿಂದ ‘ಸುಳ್ಳಿರಬಹುದು’ ಎಂಬ ನೆಪದಲ್ಲೇ ತಳ್ಳಿಹಾಕಲಾಗಿದೆ. ಬಂಧನ ತಡವಾದರೆ ಪ್ರಭಾವಿಗಳು ಸಾಕ್ಷ್ಯ ನಾಶಪಡಿಸುತ್ತಾರೆ, ಸಾಕ್ಷಿಗಳನ್ನು ಹೆದರಿಸುತ್ತಾರೆ. ವಿಚಾರಣೆ ಹತ್ತು ಹದಿನೈದು ವರ್ಷ ಎಳೆದು ಕೊನೆಗೆ ಸಾಕ್ಷಿಗಳು ಪ್ರತಿಕೂಲರಾಗಿ ನಿಜವಾದ ತಪ್ಪಿತಸ್ಥರು ಹೊರಬರುವುದನ್ನು ಜನ ಕಣ್ಣಾರೆ ಕಂಡಿದ್ದಾರೆ. ಈ ಹತಾಶೆಯೇ 2019ರ ಡಿಸೆಂಬರ್ 6ರ ಬೆಳಿಗ್ಗೆ ಹೈದರಾಬಾದ್ ಬಳಿ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಹೂಮಳೆಯಾಗಿ ಸುರಿಯಿತು. ಆದರೆ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಅವರ ನೇತೃತ್ವದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ 2022ರಲ್ಲಿ ಬಹಿರಂಗವಾದ ತನ್ನ ವರದಿಯಲ್ಲಿ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದಿತು. ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದೂ ಹೇಳಿತು. ಅವರು ತಪ್ಪು ಮಾಡಿದ್ದರೇ, ಮಾಡಿದ್ದರೆ ಯಾರು ಎಷ್ಟು ಎಂಬುದನ್ನು ಇನ್ನು ಯಾವ ನ್ಯಾಯಾಲಯವೂ ಹೇಳಲಾರದು. ವಿಳಂಬದ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಕೇಳಬೇಕಾದದ್ದು ಹೆಚ್ಚು ಪ್ರಯೋಗಾಲಯ, ಹೆಚ್ಚು ನ್ಯಾಯಾಧೀಶರು, ಬೇಗ ಮುಗಿಯುವ ವಿಚಾರಣೆಯನ್ನು. ದೂರನ್ನು ಗಂಭೀರವಾಗಿ ಸ್ವೀಕರಿಸುವುದು ಒಂದು. ಸಿಕ್ಕ ಮೊದಲ ವ್ಯಕ್ತಿಯನ್ನು ಅಪರಾಧಿಯೆಂದು ಸಾರುವುದು ಇನ್ನೊಂದು. ಮೊದಲನೆಯದಕ್ಕೆ ಎರಡನೆಯದು ಬೇಕಿಲ್ಲ.

ಇದರ ಬೆನ್ನಿಗೇ ಬರುವ ಗೊಂದಲ ಖುಲಾಸೆಯ ಅರ್ಥದ್ದು. ಮುಂಬಯಿಯ ಉಪನಗರ ರೈಲುಗಳಲ್ಲಿ 2006ರ ಜುಲೈ 11ರಂದು ನಡೆದ ಸ್ಫೋಟಗಳಲ್ಲಿ 180ಕ್ಕೂ ಹೆಚ್ಚು ಮಂದಿ ಸತ್ತರು. 2015ರಲ್ಲಿ ವಿಶೇಷ ನ್ಯಾಯಾಲಯ ಐವರಿಗೆ ಮರಣದಂಡನೆ, ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಆ ಹನ್ನೆರಡೂ ಮಂದಿಯನ್ನು ಖುಲಾಸೆಗೊಳಿಸಿತು. ಅವರಲ್ಲೊಬ್ಬರು ನಾಲ್ಕು ವರ್ಷಗಳ ಹಿಂದೆಯೇ ಜೈಲಿನಲ್ಲಿ ತೀರಿಕೊಂಡಿದ್ದರು. ಮೂರೇ ದಿನಗಳಲ್ಲಿ ಸುಪ್ರೀಂ ಕೋರ್ಟ್, ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸುವಂತಿಲ್ಲ ಎಂದು ತಡೆ ನೀಡಿತಾದರೂ ಬಿಡುಗಡೆಯಾದವರನ್ನು ಮರಳಿ ಜೈಲಿಗೆ ಕಳುಹಿಸಲಿಲ್ಲ. ತಪ್ಪೊಪ್ಪಿಗೆ ಹೇಳಿಕೆಗಳು ಹಿಂಸೆಯಿಂದ ಪಡೆದವು, ಕೆಲವು ಒಂದರ ನಕಲಿನಂತೆ ಇನ್ನೊಂದಿವೆ ಎಂಬುದು ಹೈಕೋರ್ಟಿನ ಕಾರಣಗಳಲ್ಲಿ ಒಂದು. ಸಂಘಟಿತ ಅಪರಾಧ ತಡೆಗೆ ಮಹಾರಾಷ್ಟ್ರ ತಂದಿರುವ ವಿಶೇಷ ಕಾಯ್ದೆಯಡಿ ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಗೂ ಮಾನ್ಯತೆ ಇದೆ. ಕರ್ನಾಟಕದಲ್ಲೂ ಅಂಥದೇ ಕಾಯ್ದೆಯಿದೆ. ಸಾಮಾನ್ಯ ಕಾನೂನು ಮುಚ್ಚಿದ್ದ ಬಾಗಿಲನ್ನು ವಿಶೇಷ ಕಾನೂನು ತೆರೆದಾಗ ಏನಾಗಬಹುದು ಎಂಬುದಕ್ಕೆ ಇದು ನಿದರ್ಶನ. ಪ್ರಕರಣ ಸುಳ್ಳಾಗಿ ಬಗೆಹರಿದಂತೆ ತೋರಿಸಿದರೆ ಸಮಾಜಕ್ಕೆ ಹುಸಿ ಸಮಾಧಾನ ಸಿಗುತ್ತದೆ, ನಿಜವಾದ ಅಪಾಯ ಹೊರಗೇ ಉಳಿಯುತ್ತದೆ ಎಂಬ ಅರ್ಥದ ಮಾತನ್ನೂ ಹೈಕೋರ್ಟ್ ಆಡಿತು.

ತೀರ್ಪಿನಲ್ಲಿ ‘ಸಂಶಯದ ಲಾಭ’ ಎಂಬ ಪದ ಬಂದರೆ, ನೆರೆಹೊರೆಯವರು ‘ಬಚಾವಾದ’ ಎನ್ನುತ್ತಾರೆ. ಆದರೆ ನ್ಯಾಯಾಲಯದ ಕೆಲಸ ಆರೋಪ ಸಾಬೀತಾಗಿದೆಯೇ ಎಂದು ಹೇಳುವುದು. ಸಾಬೀತಾಗದಿದ್ದರೆ ಆ ವ್ಯಕ್ತಿ ಬಂಧನಕ್ಕೆ ಮೊದಲು ಹೇಗೆ ನಿರಪರಾಧಿಯೋ ಹಾಗೆಯೇ ನಿರಪರಾಧಿ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಮಾತು ಕೊಡಗಿನ ಪ್ರಕರಣದಲ್ಲಿ ಏನಾಯಿತು ಎಂದು ನೋಡಿದರೆ ಸಾಕು: ಅಲ್ಲಿ ಬೆಂಕಿಯೇ ಇರಲಿಲ್ಲ, ಹೊಗೆ ಮಾತ್ರ ಸುಮಾರು ನಾಲ್ಕು ವರ್ಷ ಆಡಿತು. ಎಲ್ಲ ಅಮಾಯಕರಿಗೂ ತಮ್ಮ ‘ಕೊಲೆಯಾದವರು’ ಹೋಟೆಲಿನಲ್ಲಿ ಊಟ ಮಾಡುತ್ತ ಸಿಗುವುದಿಲ್ಲ. ಅಂಥ ಪವಾಡ ನಡೆಯದವರ ಪಾಲಿಗೆ ಉಳಿಯುವುದು ‘ಸಾಕ್ಷ್ಯ ಸಾಲದ್ದರಿಂದ ಬಿಡುಗಡೆ’ ಎಂಬ ಅರೆಮನಸ್ಸಿನ ವಾಕ್ಯ.

ತಪ್ಪನ್ನು ಬಿಚ್ಚಿ ನೋಡಿದ ಒಂದು ದೇಶ

ಕರ್ನಾಟಕದವರಿಗೆ ಪರಿಚಿತವಾದ ಇನ್ನೊಂದು ಪ್ರಕರಣ ಆಸ್ಟ್ರೇಲಿಯಾದ್ದು. ಅಲ್ಲಿನ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಬೆಂಗಳೂರಿನ ವೈದ್ಯ ಡಾ. ಮೊಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಎರಡು ದಿನ ಮೊದಲು ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆದಿತ್ತು. ದಾಳಿಕೋರ ಅವರ ದೂರದ ಸಂಬಂಧಿ. ಬ್ರಿಟನ್ ಬಿಡುವಾಗ ಹನೀಫ್ ತಮ್ಮ ಸಿಮ್ ಕಾರ್ಡನ್ನು ಮತ್ತೊಬ್ಬ ಸಂಬಂಧಿಗೆ, ಅಂದರೆ ದಾಳಿಕೋರನ ಸಹೋದರನಿಗೆ, ಕೊಟ್ಟು ಬಂದಿದ್ದರು. ಅವರು ಭಾರತಕ್ಕೆ ಒಂದೇ ಕಡೆಯ ಟಿಕೆಟ್ ಕೊಂಡಿದ್ದು ಪಲಾಯನದ ಲಕ್ಷಣವಾಗಿ ಕಂಡಿತು. ಬೆಂಗಳೂರಿನಲ್ಲಿ ಆಗಷ್ಟೇ ಹುಟ್ಟಿದ್ದ ಮಗಳನ್ನು ನೋಡಲು ಹೊರಟಿದ್ದರು ಎಂಬ ವಿವರಣೆಗೆ ಬೆಲೆ ಸಿಗಲಿಲ್ಲ. ಆರೋಪ ಹೊರಿಸುವ ಮೊದಲೇ ಅವರನ್ನು 12 ದಿನ ಇರಿಸಿಕೊಳ್ಳಲಾಯಿತು. ಅವರ ಸಿಮ್ ಗ್ಲಾಸ್ಗೋದಲ್ಲಿ ಉರಿದ ವಾಹನದಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ವಾಸ್ತವದಲ್ಲಿ ಅದು ದೂರದ ಲಿವರ್‌ಪೂಲ್‌ನಲ್ಲಿ, ಅವರು ಕೊಟ್ಟವರ ಬಳಿಯೇ ಇತ್ತು. ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟ ದಿನವೇ ವಲಸೆ ಸಚಿವರು ವೀಸಾ ರದ್ದು ಮಾಡಿದರು. ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು.

ಅದರಾಚೆಗೆ ನಡೆದದ್ದು ನಮಗೆ ಮುಖ್ಯ. ಆ ದೇಶ ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿ, ಯಾವ ಹಂತದಲ್ಲಿ ಯಾರಿಗೆ ಏನು ಗೊತ್ತಿತ್ತು, ಯಾವ ಮಾಹಿತಿ ಯಾರಿಗೆ ತಲುಪಲಿಲ್ಲ ಎಂಬುದನ್ನು ದಾಖಲಿಸಿತು. ಆರೋಪ ಹೊರಿಸಲು ಬೇಕಾದ ಸಾಕ್ಷ್ಯವೇ ಇರಲಿಲ್ಲ ಎಂದು 2008ರ ಕೊನೆಯಲ್ಲಿ ಬಂದ ವರದಿ ಹೇಳಿತು. 2010ರಲ್ಲಿ ಸರ್ಕಾರ ಪರಿಹಾರ ಕೊಟ್ಟಿತು. ಒಬ್ಬ ಅಧಿಕಾರಿಯನ್ನು ಅಮಾನತುಗೊಳಿಸಿ ಕಡತ ಮುಚ್ಚುವುದಕ್ಕೂ ಸರಪಳಿಯ ಪ್ರತಿ ಕೊಂಡಿಯನ್ನು ಬಿಚ್ಚಿ ನೋಡುವುದಕ್ಕೂ ಇರುವ ವ್ಯತ್ಯಾಸ ಇದು. ಅಮಾನತು ಒಬ್ಬರಿಗೆ ಶಿಕ್ಷೆ. ಮುಂದಿನ ತಪ್ಪನ್ನು ಅದು ತಡೆಯುವುದಿಲ್ಲ.

ಕಳೆದ ದಿನಗಳ ಬೆಲೆ

ಭಾರತದಲ್ಲಿ ತಪ್ಪಾಗಿ ಜೈಲು ಸೇರಿದವರಿಗೆ ಪರಿಹಾರ ಕೊಡಲೇಬೇಕೆಂಬ ಕಾಯ್ದೆಯಿಲ್ಲ. ಸಾಕಷ್ಟು ಕಾರಣವಿಲ್ಲದೆ ಒಬ್ಬರನ್ನು ಬಂಧನಕ್ಕೆ ಒಳಪಡಿಸಿದವರಿಂದ ಪರಿಹಾರ ಕೊಡಿಸಲು ಹೊಸ ಸಂಹಿತೆಯ 399ನೇ ಕಲಂ ಅವಕಾಶ ನೀಡುತ್ತದೆ. ಅದರ ಗರಿಷ್ಠ ಮೊತ್ತ 1,000 ರೂಪಾಯಿ. ಉಳಿದದ್ದೆಲ್ಲ ಸಾಂವಿಧಾನಿಕ ನ್ಯಾಯಾಲಯಗಳ ಔದಾರ್ಯ. ಬಿಹಾರದಲ್ಲಿ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಉಳಿದ ರುದುಲ್ ಸಾಹ್ ಅವರಿಗೆ 1983ರಲ್ಲಿ ಸುಪ್ರೀಂ ಕೋರ್ಟ್ 30,000 ರೂಪಾಯಿ ಕೊಡಿಸಿತು. 1994ರಲ್ಲಿ ಸುಳ್ಳು ಬೇಹುಗಾರಿಕೆ ಆರೋಪದಲ್ಲಿ ಬಂಧಿತರಾದ ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿಯ ಆದೇಶ ಸಿಕ್ಕಿದ್ದು 2018ರಲ್ಲಿ. ಅಷ್ಟರಲ್ಲಿ ಅವರ ವೃತ್ತಿಜೀವನದ ಉಳಿದ ಭಾಗ ಮುಗಿದುಹೋಗಿತ್ತು. ಅದೇ ವರ್ಷ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ, ತಪ್ಪು ಮೊಕದ್ದಮೆಗೆ ಒಳಗಾದವರಿಗೆ ವಿಶೇಷ ನ್ಯಾಯಾಲಯಗಳ ಮೂಲಕ ಕಾಲಮಿತಿಯಲ್ಲಿ ಪರಿಹಾರ ದೊರೆಯುವಂತೆ ಕಾನೂನು ತಿದ್ದಬೇಕೆಂದು ಶಿಫಾರಸು ಮಾಡಿತು. 2023ರಲ್ಲಿ ಸಂಹಿತೆಗಳನ್ನೇ ಹೊಸದಾಗಿ ಬರೆದಾಗಲೂ ಅದಕ್ಕೆ ಜಾಗ ಸಿಗಲಿಲ್ಲ. 2025ರ ಜುಲೈನಲ್ಲಿ ಮರಣದಂಡನೆಯ ಕೈದಿಯೊಬ್ಬರನ್ನು ಖುಲಾಸೆಗೊಳಿಸುವಾಗ ಸುಪ್ರೀಂ ಕೋರ್ಟ್, ಈ ಬಗ್ಗೆ ಯೋಚಿಸಬೇಕಾದದ್ದು ಶಾಸಕಾಂಗ ಎಂದು ನೆನಪಿಸಿತು.

ಮೈಸೂರಿನ ನ್ಯಾಯಾಲಯ ಕೊಡಿಸಿದ 1 ಲಕ್ಷ ರೂಪಾಯಿಯನ್ನು ಒಂದೂವರೆ ವರ್ಷಕ್ಕೆ ಹಂಚಿದರೆ ದಿನಕ್ಕೆ ಇನ್ನೂರು ರೂಪಾಯಿಯೂ ಆಗುವುದಿಲ್ಲ. ಕೊಡಗಿನ ಕಾಫಿ ತೋಟದ ದಿನಗೂಲಿಗಿಂತ ಅದು ಕಡಿಮೆ. ತಾಯಿ ಕೊಲೆಯಾಗಿದ್ದಾರೆ, ತಂದೆ ಕೊಲೆಗಾರ ಎಂದು ಕೇಳುತ್ತ ಬೆಳೆದ ಮಕ್ಕಳ ಲೆಕ್ಕ ಇದರಲ್ಲಿ ಸೇರಿಲ್ಲ.

ಉಳಿದ ಇನ್ನೊಂದು ಕಡತ

ಈ ಪ್ರಕರಣದ ಚರ್ಚೆ ಬಹುಪಾಲು ಜೈಲು ಸೇರಿದ ಪತಿಯ ಸುತ್ತ, ಹಿಂದಿರುಗಿದ ಪತ್ನಿಯ ಸುತ್ತ ನಡೆಯಿತು. ಪತ್ನಿಯನ್ನು ಹಳಿಯುವ ಮಾತುಗಳೂ ಬಂದವು. ಸಂಸಾರ ಬಿಟ್ಟು ಹೋಗುವುದು ಅಪರಾಧವಲ್ಲ, ಅವರ ಹೆಸರಿನಲ್ಲಿ ಕೊಲೆ ಮೊಕದ್ದಮೆ ಹೂಡಿದವರು ಅವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಚರ್ಚೆಯಲ್ಲಿ ಕಾಣಿಸದೆ ಹೋದವರು ಮೂರನೆಯವರು. ಬೆಟ್ಟದಪುರದ ಬಳಿ ಸಿಕ್ಕ ಎಲುಬುಗಳು ಒಬ್ಬ ಮಹಿಳೆಯವು. ಅವರು ಯಾರು, ಹೇಗೆ ಸತ್ತರು, ಯಾರಾದರೂ ಕೊಂದರೇ ಎಂಬ ಪ್ರಶ್ನೆಗಳು ತಪ್ಪು ಹೆಸರು ಅಂಟಿದ ದಿನವೇ ನಿಂತವು. ಡಿಎನ್‌ಎ ವರದಿ ಹೊಂದಾಣಿಕೆಯಿಲ್ಲ ಎಂದಾಗ ಅದು ಎರಡು ವಿಷಯ ಹೇಳಿತ್ತು: ಜೈಲಿನಲ್ಲಿರುವವರ ಪತ್ನಿ ಇವರಲ್ಲ ಎಂಬುದು ಒಂದು, ಬೇರೊಬ್ಬ ಮಹಿಳೆ ಸತ್ತಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿಸಿಕೊಳ್ಳಲು ವರ್ಷಗಳೇ ಬೇಕಾದವು. ಎರಡನೆಯದಕ್ಕೆ, ಸಾವಿನ ಜಾಡು ಬಿಸಿಯಾಗಿದ್ದ, ಸಾಕ್ಷಿಗಳ ನೆನಪು ಹಸಿಯಾಗಿದ್ದ ಆ ಅವಧಿಯಲ್ಲಿ, ಕಡತದಲ್ಲಿ ಜಾಗವೇ ಇರಲಿಲ್ಲ. ಯಾಕೆಂದರೆ ಆ ಜಾಗದಲ್ಲಿ ಆಗಲೇ ಇನ್ನೊಬ್ಬರ ಹೆಸರು ಬರೆದಾಗಿತ್ತು. ಯಾವುದೋ ಊರಿನ ಯಾವುದೋ ಠಾಣೆಯಲ್ಲಿ ಅವರ ಮನೆಯವರು ಕೊಟ್ಟ ಕಾಣೆಯಾದ ದೂರು ಇದ್ದರೆ, ಅದಕ್ಕೆ ಹೊಂದಬೇಕಾಗಿದ್ದ ಎಲುಬುಗಳು ಅಷ್ಟೂ ಕಾಲ ಬೇರೆ ಪ್ರಕರಣದ ಸಂಖ್ಯೆಯ ಕೆಳಗೆ ಇದ್ದವು.